ಹಳದಿ ಗೆರೆ, ಬಿಳಿ ಗೆರೆ

ಅವಳು ಸ್ಪ್ಯಾನರನ್ನು ಬೋಲ್ಟಿಗೆ ಸಿಕ್ಕಿಸಿ ಎಡಕ್ಕೆ ತಿರುಗಿಸಿದಳು.

ಬೋಲ್ಟು ಮೊದಲು ಹಟ ಹಿಡಿಯಿತು. ಆಮೇಲೆ ಒಮ್ಮೆ ಕಿರುಗುಟ್ಟಿ ಸಡಿಲವಾಯಿತು. ಅವಳು ಸ್ಪ್ಯಾನರನ್ನು ಪಕ್ಕಕ್ಕಿಟ್ಟು ಬೆರಳಿನಿಂದಲೇ ಇನ್ನಷ್ಟು ತಿರುಗಿಸಿದಳು. ಬ್ರೇಕ್ ಪೆಡಲನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಟ್ಟುಕೊಂಡಿದ್ದುದು ಎರಡೇ ಬೋಲ್ಟು. ಒಂದನ್ನು ಆಗಲೇ ಸಡಿಲಿಸಿಯಾಗಿತ್ತು. ಇದು ಎರಡನೆಯದು.

ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಅವಳೊಬ್ಬಳೇ ಇದ್ದಳು. ರೇಸಿನ ಗಾಡಿ ಕಟ್ಟುವ ವಿದ್ಯಾರ್ಥಿ ತಂಡದವರೆಲ್ಲ ಊಟಕ್ಕೆ ಹೋಗಿದ್ದರು. ತಗಡಿನ ಸೂರು ಬಿಸಿಲಿಗೆ ಚಟಚಟ ಅನ್ನುತ್ತಿತ್ತು. ಮೂಲೆಯಲ್ಲಿ ಫ್ಯಾನು ಯಾರಿಗೂ ತಾಗದಂತೆ ಗೋಡೆಗೆ ಗಾಳಿ ಬೀಸುತ್ತಿತ್ತು.

ಬೋಲ್ಟಿನ ತಲೆಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. ಹಳೆಯ ಗೆರೆಗಳು ಬಟ್ಟೆಗೆ ಅಂಟಿಕೊಂಡು ಬಂದವು. ಬಣ್ಣದ ಪೆನ್ನು ತೆಗೆದುಕೊಂಡು ಮೊದಲು ಹಳದಿ ಗೆರೆ ಎಳೆದಳು, ಅದರ ಪಕ್ಕಕ್ಕೆ ಬಿಳಿಯದು. ಎರಡೂ ನೆಟ್ಟಗೆ, ಬೋಲ್ಟು ಮತ್ತು ಕೆಳಗಿನ ತಗಡು ಎರಡಕ್ಕೂ ತಾಗಿಕೊಂಡು ಬಿದ್ದವು.

ಯಾರೇ ಬಗ್ಗಿ ನೋಡಿದರೂ ಪೆಡಲು ಭದ್ರವಾಗಿದೆ ಎಂದೇ ಹೇಳಬೇಕು.

ಕಳೆದ ಬೇಸಿಗೆಯಲ್ಲಿ ಇನ್ಯಾರೋ ಇದೇ ಕೆಲಸವನ್ನು ಇಷ್ಟೇ ಅಚ್ಚುಕಟ್ಟಾಗಿ ಮಾಡಿದ್ದರು. ಅವತ್ತು ಗಾಡಿಯಲ್ಲಿ ಕೂತಿದ್ದ ಅವಳ ತಮ್ಮ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲು ಕಾಲಡಿಗೇ ಮಡಚಿ ಬಿದ್ದಿತ್ತು. ಗಾಡಿ ಕಾಂಕ್ರೀಟ್ ಗೋಡೆಗೆ ಹೊಡೆದು ಅರ್ಧವಾಯಿತು. ತಮ್ಮನ ಎರಡೂ ಕಾಲುಗಳಲ್ಲಿ ಈಗ ಉಕ್ಕಿನ ಸರಳುಗಳಿವೆ.

"ಇಂದು ಅದಕ್ಕೆ ಲೆಕ್ಕ ಚುಕ್ತಾ," ಎಂದು ಕ್ಯಾಪ್ಟನ್ ತನಗೆ ತಾನೇ ಹೇಳಿಕೊಂಡಳು. ತಂಡದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಕಿರಿಯರು ಮಾತ್ರ ಅಕ್ಕ ಅನ್ನುತ್ತಿದ್ದರು.

*

ಅಪಘಾತವಾದ ವಾರ ಕಾಲೇಜಿನವರು ಒಂದು ಸಮಿತಿ ಮಾಡಿದರು. ಸಮಿತಿ ಬಿಸ್ಕತ್ತು ತಿಂದು, ವಿದ್ಯಾರ್ಥಿಗಳ ಅಜಾಗರೂಕತೆ ಎಂದು ಹೇಳಿ ಎದ್ದುಹೋಯಿತು. ಗೈಡ್ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು, "ಬಿಟ್ಬಿಡಮ್ಮ, ಕಬ್ಬಿಣದ ವಸ್ತು, ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ," ಎಂದರು.

ಕಬ್ಬಿಣ ಕೈ ಕೊಡುವುದಕ್ಕೂ ಒಂದು ಕಾರಣ ಇರುತ್ತದೆ ಎಂದು ನಾಲ್ಕು ವರ್ಷ ಪಾಠ ಹೇಳಿದವರು ಅವರೇ.

ಅವಳು ಮುರಿದ ಗಾಡಿಯ ಪೆಡಲನ್ನು ಅದರ ತಗಡಿನ ಸಮೇತ ಬಿಚ್ಚಿ ಮನೆಗೆ ಒಯ್ದಳು. ಒಂದು ಬೋಲ್ಟು ಕಿತ್ತು ಎಲ್ಲೋ ಹಾರಿತ್ತು. ಇನ್ನೊಂದು ಇತ್ತು. ಅದರ ಮೇಲೆ ಹಳದಿ ಗೆರೆ, ಬಿಳಿ ಗೆರೆ, ಎರಡೂ ತುಂಡಾಗದೆ ಹಾಗೆಯೇ ಇದ್ದವು.

ತಂಡದ ಕಟ್ಟಳೆ ಸರಳವಾದದ್ದು. ಬೋಲ್ಟು ಬಿಗಿದವರು ಅದರ ತಲೆಯಿಂದ ತಗಡಿಗೆ ತಾಗುವಂತೆ ಹಳದಿ ಗೆರೆ ಎಳೆಯಬೇಕು. ಬೇರೆಯವರು ಬಂದು ಬಿಗಿ ನೋಡಿ ಬಿಳಿ ಗೆರೆ ಎಳೆಯಬೇಕು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಗೆರೆಗಳು ತುಂಡಾಗಿರಲಿಲ್ಲ. ಆದರೆ ಬೋಲ್ಟು ಅವಳ ಬೆರಳಿಗೇ ತಿರುಗಿತು.

ಅಂದರೆ ಯಾರೋ ಅದನ್ನು ಸಡಿಲಿಸಿ, ಹಳೆಯ ಗೆರೆ ಒರೆಸಿ, ಹೊಸದಾಗಿ ಎಳೆದಿದ್ದಾರೆ. ಹೊರಗಿನವರಾಗಿದ್ದರೆ ಸಡಿಲಿಸಿ ಓಡಿಹೋಗುತ್ತಿದ್ದರು. ಗೆರೆ ಎಳೆಯಬೇಕೆಂದು ತಿಳಿದವರು, ಎಳೆಯದೆ ಇರಲಾರದವರು, ಈ ಶೆಡ್ಡಿನವರು ಮಾತ್ರ.

ಅವಳು ಭೂತಗನ್ನಡಿ ಹಿಡಿದು ಆ ಗೆರೆಯನ್ನು ಎಷ್ಟೋ ದಿನ ನೋಡಿದಳು. ಬಣ್ಣದ ಪೆನ್ನನ್ನು ಮೊದಲು ಊರಿದ ಜಾಗದಲ್ಲಿ ಬಣ್ಣ ಮಡುಗಟ್ಟಿ ಸಣ್ಣ ಗುಳ್ಳೆಯಾಗುತ್ತದೆ. ಗೆರೆ ಮುಗಿಯುವಲ್ಲಿ ತೆಳ್ಳಗಾಗುತ್ತದೆ. ಬಿಳಿ ಗೆರೆ ಎಳೆಯುವುದು ಅವಳ ಕೆಲಸ. ಅವಳು ಯಾವಾಗಲೂ ತಗಡಿನಲ್ಲಿ ಪೆನ್ನೂರಿ ಬೋಲ್ಟಿನ ಕಡೆಗೆ ಎಳೆಯುವವಳು. ಈ ಬೋಲ್ಟಿನ ಬಿಳಿ ಗೆರೆಗೆ ಗುಳ್ಳೆ ಇದ್ದದ್ದು ಬೋಲ್ಟಿನ ತಲೆಯ ಮೇಲೆ.

ಅವಳ ಗೆರೆಯನ್ನು ಇನ್ಯಾರೋ ಎಳೆದಿದ್ದರು.

*

ಅವಳು ಹೊಸ ಗಾಡಿ ಕಟ್ಟೋಣ ಎಂದಾಗ ಎಲ್ಲರೂ ಅವಳ ಮುಖವನ್ನೇ ನೋಡಿದರು. "ಏನು ಛಲ ಕಣೇ ನಿಂದು!" ಎಂದು ಸೈಲೆನ್ಸರ್ ಕಣ್ಣಲ್ಲಿ ನೀರು ತಂದುಕೊಂಡ. ಎಂಜಿನ್ ನೋಡಿಕೊಳ್ಳುವ ಅವನ ಬಾಯಿ ನಿದ್ದೆಯಲ್ಲೂ ಮುಚ್ಚುವುದಿಲ್ಲ. ಆ ಹೆಸರು ಇಟ್ಟದ್ದು ಅದಕ್ಕೇ.

ಅದು ಛಲವಲ್ಲ, ಹಗೆ ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಗಾಡಿ ಅವಳಿಗೆ ಬೇಕಿರಲಿಲ್ಲ. ಗಾಡಿ ಕಟ್ಟುವ ನೆಪದಲ್ಲಿ ಎಲ್ಲರ ಕೈಗೂ ಬಣ್ಣದ ಪೆನ್ನು ಕೊಡಬೇಕಿತ್ತು.

ಆದರೆ ಗಾಡಿಯೂ ಸೇಡು ತೀರಿಸಿಕೊಳ್ಳುವಂತೆ ಕಾಡಿತು. ಬೆಸುಗೆ ಹಾಕಿ ಮುಗಿಸಿದ ಚೌಕಟ್ಟು ತಣ್ಣಗಾಗುವಾಗ ಸೊಟ್ಟಗಾಯಿತು. ಒಂದು ಕಡೆಯೇ ಎಡೆಬಿಡದೆ ಬೆಸೆದದ್ದು ತಪ್ಪಾಗಿತ್ತು. ಮುಂದಿನ ಚಕ್ರಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಮುಖ ಮಾಡಿ ನಿಂತವು. ಕೊಯ್ದು, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ ಬೆಸೆಯುತ್ತಾ ಮತ್ತೆ ಕಟ್ಟಿದರು. ಎಂಜಿನ್ ಕೂತಿತು, ಆದರೆ ಸರಪಳಿ ಚೌಕಟ್ಟಿಗೆ ಉಜ್ಜಿತು. ಎಂಜಿನ್ ಮತ್ತೆ ಇಳಿಯಿತು. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿಕೊಂಡು ಪೆಡಲು ಸ್ಪಂಜಿನ ಹಾಗೆ ಮೆತ್ತಗಾಯಿತು. ಎಷ್ಟು ಸಲ ಎಣ್ಣೆ ಹಾಯಿಸಿದರೂ ಗುಳ್ಳೆ ಬರುತ್ತಲೇ ಇತ್ತು.

ಅದನ್ನು ಸರಿಮಾಡಿದವನು ಕಡ್ಡಿ. ಬ್ರೇಕು ಅವನ ವಿಭಾಗ. ಉದ್ದ, ಸಣಕಲು, ಮಾತು ಕಡಿಮೆ. ಕೊಳವೆಯ ಮೇಲೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ, ಒಳಗೆ ಅಂಟಿಕೊಂಡಿದ್ದ ಗುಳ್ಳೆಗಳನ್ನೆಲ್ಲ ಮೇಲೆಬ್ಬಿಸಿ ಹೊರಗೆ ಹಾಕಿದ. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಅವನ ಬೆರಳುಗಳನ್ನೇ ನೋಡುತ್ತಾ.

ಅವಳಿಗೆ ಮೊದಲು ಅನುಮಾನ ಇದ್ದದ್ದು ಸೈಲೆನ್ಸರ್ ಮೇಲೆ. ಕಳೆದ ಸಲ ಆ ಬೋಲ್ಟುಗಳನ್ನು ಬಿಗಿದು ಹಳದಿ ಗೆರೆ ಎಳೆದವನು ಅವನು. ಕಡ್ಡಿ ಅಪಘಾತದ ಹಿಂದಿನ ದಿನದಿಂದಲೇ ಜ್ವರ ಎಂದು ಶೆಡ್ಡಿಗೆ ಬಂದಿರಲಿಲ್ಲ.

ತಪಾಸಣೆಗೆ ಅಭ್ಯಾಸ ಆಗಲಿ ಎಂದು ಒಂದು ತಗಡಿಗೆ ಬೋಲ್ಟುಗಳನ್ನು ಕೂರಿಸಿ, ಎಲ್ಲರೂ ಬಿಗಿದು ಗೆರೆ ಎಳೆಯಿರಿ ಎಂದಳು. ಸೈಲೆನ್ಸರ್ ಮಾತಾಡುತ್ತಲೇ ಎಳೆದ. ಗೆರೆ ಹಾವಿನ ಹಾಗೆ ಹರಿಯಿತು. ಗುಳ್ಳೆ ತಗಡಿನ ಮೇಲೆ ಬಿತ್ತು.

"ಇದೇನೋ ಗೆರೆನಾ, ನದಿನಾ?" ಎಂದಳು.

"ಕಲೆ ಕಣೇ ಕಲೆ. ನಿನ್ನಂಥ ಅಳತೆಪಟ್ಟಿಗೆ ಅರ್ಥ ಆಗಲ್ಲ."

ಕಿರಿಯರೂ ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಅವಳಿಂದಲೇ ಕಲಿತವರು. ಎಲ್ಲರ ಗುಳ್ಳೆಯೂ ತಗಡಿನ ಮೇಲೆಯೇ.

ಕೊನೆಗೆ ಕಡ್ಡಿ ಬಂದ. ಬಟ್ಟೆಯಿಂದ ಒರೆಸಿದ. ಬೋಲ್ಟಿನ ತಲೆಯ ನಟ್ಟನಡುವೆ ಪೆನ್ನೂರಿದ. ಒಂದು ಕ್ಷಣ ತಡೆದ. ಹೊರಕ್ಕೆ, ನೆಟ್ಟಗೆ, ದಾರ ಹಿಡಿದಂತೆ ಎಳೆದ.

ಗುಳ್ಳೆ ಬೋಲ್ಟಿನ ಮೇಲೆ ನಿಂತು ಮಿನುಗಿತು.

*

ಹೊಸ ಗಾಡಿ ಓಡಿಸುವ ಹಿಂದಿನ ಸಂಜೆ ಮನೆಯಲ್ಲಿ ತಮ್ಮ ಗಾಲಿಕುರ್ಚಿಯಲ್ಲಿ ಕೂತು ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಎಳೆಯುತ್ತಿದ್ದ. ಪ್ರತಿ ಎಳೆತಕ್ಕೂ ಅವನ ಕತ್ತಿನ ನರ ಉಬ್ಬುತ್ತಿತ್ತು.

"ಅಕ್ಕ, ಬ್ರೇಕಲ್ಲಿ ಗಾಳಿ ಹೋಯ್ತಾ?"

"ಹೋಯ್ತು."

"ಹಾಗಾದ್ರೆ ನಾಳೆ ಓಡುತ್ತೆ! ನಾನೂ ಬರ್ತೀನಿ."

"ಬೇಡ. ಧೂಳು."

"ಧೂಳಿಗೂ ಕಾಲಿಗೂ ಏನೇ ಸಂಬಂಧ?"

"ಆ ಗಾಡಿ ಸುದ್ದಿ ನನ್ನ ಕಿವಿಗೆ ಹಾಕಬೇಡಿ," ಎಂದು ಒಳಗಿನಿಂದ ಅಮ್ಮ. "ಒಬ್ಬನ್ನ ಕೂರಿಸಿದ್ದು ಸಾಲದು ಅಂತ ಇನ್ನೊಬ್ಬಳು ಹೊರಟಿದ್ದಾಳೆ. ನೀನು ಈಚೆಗೆ ಕನ್ನಡಿ ನೋಡ್ಕೊಂಡಿದ್ದೀಯೇನೇ? ಮುಖ ಹೇಗಾಗಿದೆ ಅಂತ?"

ತಮ್ಮ ದನಿ ತಗ್ಗಿಸಿದ. "ಬೋಲ್ಟು ಸಡಿಲಿಸಿದೋನು ಸಿಕ್ಕಿದ್ನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾರು?"

"ನಾಳೆ ಹೇಳ್ತೀನಿ."

"ಏನ್ ಮಾಡ್ತೀಯ ಅಕ್ಕ?"

"ಕೂರಿಸ್ತೀನಿ."

"ಎಲ್ಲಿ?"

ಅವಳು ಪಟ್ಟಿಯ ಇನ್ನೊಂದು ತುದಿ ಹಿಡಿದು ಅವನ ಜೊತೆ ಎಳೆಯತೊಡಗಿದಳು.

*

ಊಟ ಮುಗಿಸಿ ಬಂದವರು ಗಾಡಿಯನ್ನು ಶೆಡ್ಡಿನ ಹಿಂದಿನ ಡಾಂಬರು ದಾರಿಗೆ ತಳ್ಳಿದರು. ನೇರ ದಾರಿ, ಕೊನೆಗೆ ಎಡ ತಿರುವು. ತಿರುವಿನಾಚೆ ಅದೇ ಗೋಡೆ. ಅಪಘಾತದ ನಂತರ ಅದರ ಮುಂದೆ, ಒಂದಿಷ್ಟು ಜಾಗ ಬಿಟ್ಟು, ಹಳೆಯ ಟೈರುಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು.

"ಓಡಿಸೋದು ಯಾರು?" ಎಂದ ಸೈಲೆನ್ಸರ್.

"ಕಡ್ಡಿ. ಬ್ರೇಕ್ ಅವನದ್ದು, ಮೊದಲ ಸವಾರಿಯೂ ಅವನದ್ದೇ."

ಕಡ್ಡಿ ತಲೆಯೆತ್ತಿ ಅವಳನ್ನು ನೋಡಿದ. ಬೇಡವೆನ್ನಲಿಲ್ಲ. ಬ್ರೇಕನ್ನು ಬೆಳಿಗ್ಗೆ ತಾನೇ ನೋಡಿದ್ದನಲ್ಲ. ಉದ್ದ ಕಾಲುಗಳನ್ನು ಮಡಚಿ ಒಳಗಿಳಿದ. ಸೀಟು ನೆಲಕ್ಕೆ ಅಂಟಿಕೊಂಡಂತಿತ್ತು. ಕೂತವನ ಕಣ್ಣು ನಿಂತವರ ಮೊಣಕಾಲಿನ ಮಟ್ಟಕ್ಕೆ ಬಂತು.

ಪಟ್ಟಿಗಳನ್ನು ಕಟ್ಟಿದವಳು ಅವಳೇ. ಭುಜದ್ದು, ಸೊಂಟದ್ದು. ಎಳೆದು ಬಿಗಿಮಾಡಿದಳು.

"ಸ್ವಲ್ಪ ಉಸಿರಾಡೋಕೆ ಬಿಡು ಕ್ಯಾಪ್ಟನ್."

"ಅದಕ್ಕೇನು ಅವಸರ?"

ಸೈಲೆನ್ಸರನನ್ನೂ ಕಿರಿಯರನ್ನೂ ದೂರ ಹೋಗಿ ನಿಲ್ಲುವಂತೆ ಹೇಳಿದಳು. ಅವನು ಬಾವುಟ ಹಿಡಿದುಕೊಂಡು, ಏನೋ ಗುಟ್ಟಿದ್ದವನ ಹಾಗೆ ನಗುತ್ತಾ ಓಡಿದ. ಅವಳು ಗಾಡಿಯ ಪಕ್ಕದಲ್ಲಿ ಮಂಡಿಯೂರಿದಳು. ದೂರದಿಂದ ನೋಡುವವರಿಗೆ ಕ್ಯಾಪ್ಟನ್ ಚಾಲಕನಿಗೆ ಕೊನೆಯ ಮಾತು ಹೇಳುತ್ತಿರುವಂತೆ ಕಂಡಿರಬೇಕು.

ಅವಳು ತೀರ್ಮಾನಿಸಿದ್ದು ಹೀಗೆ. ಅವನು ನಿಜ ಒಪ್ಪಿಕೊಂಡರೆ ಇಳಿಸಿ, ಕುತ್ತಿಗೆಪಟ್ಟಿ ಹಿಡಿದು ಎಲ್ಲರ ಮುಂದೆ ನಿಲ್ಲಿಸುವುದು. ಸುಳ್ಳು ಹೇಳಿದರೆ, ಕೈಯೆತ್ತಿ ಬಾವುಟ ಬೀಸಲು ಸನ್ನೆ ಮಾಡುವುದು.

ಜೇಬಿನಿಂದ ಹಳೆಯ ಬೋಲ್ಟು ತೆಗೆದು ಅವನ ಅಂಗೈಗೆ ಹಾಕಿದಳು.

"ಗುರುತು ಸಿಕ್ತಾ?"

ಅವನು ಅದನ್ನು ತಿರುಗಿಸಿ ನೋಡಿದ. "ಬೋಲ್ಟು."

"ಅವತ್ತಿನದ್ದು. ಇದರ ಮೇಲಿನ ಬಿಳಿ ಗೆರೆ ನಾನು ಎಳೆದಿದ್ದಲ್ಲ. ಗುಳ್ಳೆ ಎಲ್ಲಿದೆ ನೋಡು. ನಾನು ಹೊರಗಿಂದ ಒಳಗೆ ಎಳೆಯೋಳು. ತಂಡದಲ್ಲಿ ಒಳಗಿಂದ ಹೊರಗೆ ಎಳೆಯೋನು ಒಬ್ಬನೇ ಒಬ್ಬ."

ಕಡ್ಡಿ ಹೆಬ್ಬೆರಳಿನಿಂದ ಆ ಪುಟ್ಟ ಗುಳ್ಳೆಯನ್ನು ಸವರಿದ.

"ಜ್ವರ ಅಂದೆಯಲ್ಲ. ಜ್ವರ ಬಂದೋನು ಶೆಡ್ಡಿಗೆ ಯಾಕೆ ಬಂದೆ?"

"ಎಷ್ಟು ದಿನದಿಂದ ಗೊತ್ತು?"

"ನನ್ನ ಪ್ರಶ್ನೆಗೆ ಉತ್ತರ ಹೇಳು."

ಅವನು ಬೋಲ್ಟನ್ನು ಮುಷ್ಟಿಯಲ್ಲಿ ಮುಚ್ಚಿದ. "ಹೌದು. ನಾನೇ."

ಇಷ್ಟು ಸಲೀಸಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ.

"ಅವನು ನಿನಗೇನೋ ಮಾಡಿದ್ದ? ಅಣ್ಣ ಅಣ್ಣ ಅಂತ ನಿನ್ನ ಹಿಂದೇನೇ ಸುತ್ತೋನು."

"ಅವನು ಏನೂ ಮಾಡಿಲ್ಲ." ಕಡ್ಡಿ ಮೊದಲ ಸಲ ಅವಳ ಕಣ್ಣನ್ನೇ ನೋಡಿದ. "ಮೊದಲ ಸವಾರಿ ಯಾವಾಗಲೂ ಕ್ಯಾಪ್ಟನ್‌ದು. ಅವತ್ತು ಈ ಸೀಟಲ್ಲಿ ಕೂರಬೇಕಾಗಿದ್ದೋಳು ನೀನು. ಮೇಷ್ಟ್ರು ನಿನ್ನ ಆಫೀಸಿಗೆ ಕರೆಸ್ತಾರೆ, ಇವನು ಕುಣ್ಕೊಂಡು ಬಂದು ಹತ್ತುತ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ? ನಾನು ಅಲ್ಲಿದ್ದಿದ್ರೆ ತಡೀತಿದ್ದೆ."

"ನಾನು?" ಅವಳು ಗಾಡಿಯ ಅಂಚು ಹಿಡಿದುಕೊಂಡಳು. "ನಾನೇನು ಮಾಡಿದ್ದೆ ನಿನಗೆ?"

"ಅದೂ ನೆನಪಿಲ್ಲ ಅಲ್ವಾ?" ಅವನು ನಕ್ಕ; ನಗುವಿನಲ್ಲಿ ದನಿ ಇರಲಿಲ್ಲ. "ನನ್ನ ಸ್ಟೀರಿಂಗು. ಒಂದು ವರ್ಷ ಕೂತು ಮಾಡಿದ್ದೆ. ತೂಕ ಜಾಸ್ತಿ ಅಂತ ನೀನು ಎಲ್ಲರ ಮುಂದೆ ಗರಗಸ ತಗೊಂಡು ಕೊಯ್ದೆ. ಒಂದು ಮಾತು ಕೇಳಲಿಲ್ಲ. ತುಂಡನ್ನ ಕೊಕ್ಕೆ ಮಾಡಿ ಗೋಡೆಗೆ ಹೊಡೆದು ಟೀ ಲೋಟ ನೇತುಹಾಕಿದೆ. ದಿನಾ ಬಂದು ಅದರಿಂದ ಲೋಟ ತಗೊಂಡು ಟೀ ಕುಡೀತಿದ್ದೆ ನಾನು. ಜೋಕ್ ಅಂತ ನೀವೆಲ್ಲ ನಗ್ತಿದ್ರಿ."

ಅವಳಿಗೆ ಆ ಕೊಕ್ಕೆ ಕಣ್ಣಮುಂದೆ ಬಂತು. ಇವತ್ತು ಬೆಳಿಗ್ಗೆಯೂ ಅದರಿಂದಲೇ ಲೋಟ ತೆಗೆದುಕೊಂಡಿದ್ದಳು.

"ಅದಕ್ಕೆ ಕಾಲು ಮುರೀತೀಯಾ? ಒಂದು ಕಬ್ಬಿಣದ ತುಂಡಿಗೆ?"

"ಕಬ್ಬಿಣದ ತುಂಡು ನಿನಗೆ. ಎಲ್ಲರ ಮುಂದೆ ಹೇಳು ಅಂದ್ರೆ ಹೇಳ್ತೀನಿ, ಬಿಚ್ಚು ಪಟ್ಟೀನ."

ಅವಳು ಕೈ ಮುಂದೆ ಚಾಚಿದಳು. ತೀರ್ಮಾನಿಸಿದ್ದು ಅದೇ ತಾನೆ. ನಿಜ ಹೇಳಿದ, ಇಳಿಸಬೇಕು. ಆದರೆ ಬೆರಳುಗಳು ಕೊಂಡಿಯ ಮೇಲೆ ನಿಂತುಬಿಟ್ಟವು. ರಬ್ಬರ್ ಪಟ್ಟಿ ಎಳೆಯುವಾಗ ತಮ್ಮನ ಕತ್ತಿನಲ್ಲಿ ಉಬ್ಬುತ್ತಿದ್ದ ನರ ಕಂಡಿತು. ಇವನು ಎರಡು ಮಾತು ಹೇಳಿ, ಎರಡು ಕಾಲಿನ ಮೇಲೆ ನಡೆದುಕೊಂಡು ಹೋಗಿಬಿಡುತ್ತಾನೆ. ಸಮಿತಿ ಮತ್ತೆ ಬಿಸ್ಕತ್ತು ತಿನ್ನುತ್ತದೆ.

ಅವಳು ಒಂದು ಉಸಿರಿನಷ್ಟು ಹೊತ್ತು ತಡೆದಳು. ಅಷ್ಟೇ.

ಆ ಹೊತ್ತಿನಲ್ಲಿ ಕಡ್ಡಿಯ ಕಾಲು ಸುಮ್ಮನೆ, ಅಭ್ಯಾಸದಂತೆ, ಪೆಡಲಿನ ಮೇಲೆ ಹೋಯಿತು. ಬ್ರೇಕಿನವನ ಕಾಲು. ಪೆಡಲು ಪಕ್ಕಕ್ಕೆ ಎಳ್ಳುಕಾಳಿನಷ್ಟು ಅಲುಗಿತು.

ಅವನು ಬಗ್ಗಿ ಕೆಳಗೆ ನೋಡಿದ. ಹಳದಿ ಗೆರೆ. ಬಿಳಿ ಗೆರೆ. ಇನ್ನೂ ಪೂರ್ತಿ ಒಣಗಿರದ ಬಣ್ಣ.

ತಲೆಯೆತ್ತಿದಾಗ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದ ಲೆಕ್ಕವೊಂದನ್ನು ಬಿಡಿಸಿಕೊಂಡವನ ಹಗುರ ಇತ್ತು.

"ಸಡಿಲ ಮಾಡಿದ್ದೀಯ."

ಅವಳು ದೂರದ ಬಾವುಟದ ಕಡೆ ನೋಡಿದಳು.

"ಒರೆಸಿ, ಎರಡೂ ಗೆರೆ ನೀನೇ ಎಳೆದಿದ್ದೀಯ. ಭಲೇ ಕ್ಯಾಪ್ಟನ್! ಗುಳ್ಳೆ ಎರಡೂ ತಗಡಿನ ಮೇಲಿದೆ. ಹೊರಗಿಂದ ಒಳಗೆ."

"ಇಳಿ," ಎಂದಳು ಅವಳು. ದನಿ ಅವಳದ್ದೇ ಎಂದು ಅವಳಿಗೆ ಅನಿಸಲಿಲ್ಲ. "ಇಳಿಯೋ ಕೆಳಗೆ." ಕೊಂಡಿ ಬಿಚ್ಚಲು ಬಗ್ಗಿದಳು.

ಅವನು ಅವಳ ಮಣಿಕಟ್ಟು ಹಿಡಿದುಕೊಂಡ. "ಅವತ್ತಿನ ಬೋಲ್ಟು ನನ್ನ ಹತ್ರ ಇದೆ. ನೀನೇ ಕೊಟ್ಟೆ." ಮುಷ್ಟಿ ಬಿಚ್ಚಿ ತೋರಿಸಿ, ಅಂಗಿಯ ಒಳಜೇಬಿಗೆ ಇಳಿಸಿದ. "ಇವತ್ತಿನ ಬೋಲ್ಟು ನಿನ್ನದು. ನಾನು ಹೋಗಿ ಆ ಟೈರಿಗೆ ಗುದ್ದುತ್ತೀನಿ. ಮೆತ್ತಗಿರುತ್ತೆ, ನನಗೇನೂ ಆಗಲ್ಲ. ಆಮೇಲೆ ಎಲ್ಲರೂ ಬಂದು ಪೆಡಲು ನೋಡ್ತಾರೆ. ಗೆರೆ ಓದೋದು ಹೇಗೆ ಅಂತ ನಾನು ಹೇಳಿಕೊಡ್ತೀನಿ. ಈಗ ತಾನೆ ಕಲಿಸಿದೆಯಲ್ಲ."

"ಹುಚ್ಚು ಹಿಡಿದಿದೆಯೇನೋ ನಿನಗೆ? ಎಂಜಿನ್ ಮುಟ್ಟಬೇಡ!"

"ಅವತ್ತೂ ನೀನೇ, ಇವತ್ತೂ ನೀನೇ ಅಂತ ಆಗುತ್ತೆ. ನಿನ್ನ ತಮ್ಮ ಕೂಡ ನಂಬ್ತಾನೆ."

ಅವಳ ಕೈ ಕೊಡವಿ, ಗುಂಡಿ ಒತ್ತಿದ. ಎಂಜಿನ್ ಒಂದೇ ಸಲಕ್ಕೆ ಗುಡುಗಿತು. ಎಷ್ಟು ಸಲ ಇಳಿಸಿ ಏರಿಸಿದ್ದ ಎಂಜಿನ್. ಇಂಥ ಹೊತ್ತಿನಲ್ಲಿ ಒಮ್ಮೆಯೂ ಕೆಮ್ಮಲಿಲ್ಲ.

ಗಾಡಿ ಮುಂದಕ್ಕೆ ಜಿಗಿಯಿತು. ಇನ್ನೊಂದು ಕೈಯಲ್ಲಿ ಪಟ್ಟಿ ಹಿಡಿದಿದ್ದ ಅವಳು ಎರಡು ಮಾರು ಎಳೆಸಿಕೊಂಡು ಹೋಗಿ ಡಾಂಬರಿನ ಮೇಲೆ ಬಿದ್ದಳು. ಅಂಗೈ ತರಚಿ ಉರಿಯಿತು.

ದಾರಿಯ ಪಕ್ಕದಲ್ಲಿ ಕಿರಿಯರು ಕೇಕೆ ಹಾಕಿದರು. ಹೊಸ ಗಾಡಿ ಓಡುತ್ತಿದೆ! ಸೈಲೆನ್ಸರ್ ಬಾವುಟವನ್ನು ತಲೆಯ ಮೇಲೆ ಗಿರಗಿರ ತಿರುಗಿಸುತ್ತಾ ಅವಳ ಕಡೆ ಓಡಿಬಂದ.

"ಬಿದ್ದೆಯೇನೇ? ಏಳು ಏಳು! ನೋಡೇ, ಹೇಗೆ ಹೋಗ್ತಿದೆ ನಮ್ಮ ರಾಜ!"

"ನಿಲ್ಲಿಸು," ಎಂದಳು. "ಕೆಂಪು ಬಾವುಟ ತೋರಿಸು. ಅವನನ್ನ ನಿಲ್ಲಿಸೋ."

"ಯಾಕೆ ನಿಲ್ಲಿಸ್ಬೇಕು? ಸರಿಯಾಗೇ ಹೋಗ್ತಿದ್ದಾನೆ." ಅವನ ಮುಖ ಹಿಗ್ಗಿನಿಂದ ಹೊಳೆಯುತ್ತಿತ್ತು. "ಆಮೇಲೆ ಬೈಯಬೇಡ, ನಿನ್ನ ಕೇಳದೆ ಒಂದು ಕೆಲಸ ಮಾಡಿದ್ದೀನಿ. ನಿನ್ನ ತಮ್ಮ ಬೆಳಿಗ್ಗೆಯಿಂದ ಫೋನ್ ಮಾಡಿ ಪ್ರಾಣ ತಿಂದ. ಕರ್ಕೊಂಡು ಬಂದೆ. ನಿಮ್ಮಮ್ಮನೂ ಬಂದಿದ್ದಾರೆ ಕಣೇ, ಬೈಕೊಂಡೇ ಬಂದ್ರು, ಆದ್ರೆ ಬಂದ್ರು!"

ಅವಳು ಎದ್ದು ನಿಂತಳು. "ಎಲ್ಲಿ?"

"ಹೆದರಬೇಡ, ದಾರಿ ಪಕ್ಕ ಕೂರಿಸಿಲ್ಲ. ಅಷ್ಟು ಬುದ್ಧಿ ಇಲ್ವಾ ನನಗೆ? ತಿರುವು ಚೆನ್ನಾಗಿ ಕಾಣುತ್ತೆ, ನೆರಳೂ ಇದೆ ಅಂತ ಅಲ್ಲಿ, ಟೈರುಗಳ ಹಿಂದೆ—"

ಉಳಿದದ್ದು ಅವಳಿಗೆ ಕೇಳಲಿಲ್ಲ. ಅವಳು ಓಡತೊಡಗಿದ್ದಳು. ದೂರದಲ್ಲಿ, ಟೈರುಗಳಿಗೂ ಗೋಡೆಗೂ ನಡುವಿನ ಕಿರಿದಾದ ಜಾಗದಲ್ಲಿ, ಗಾಲಿಕುರ್ಚಿಯತ್ತ ಬಗ್ಗಿದ್ದ ಅಮ್ಮನ ಸೀರೆಯ ಬಣ್ಣ ಕಂಡಿತು. ಅದರ ಪಕ್ಕ, ಟೈರಿನ ಸಾಲಿನ ಮೇಲೆ, ಯಾರದೋ ಕೈ ಮೇಲೆದ್ದು ಬೀಸುತ್ತಿತ್ತು. ನಿಂತವರಿಗೆ ಮಾತ್ರ ಕಾಣುವಷ್ಟು ಎತ್ತರಕ್ಕೆ. ಗಾಡಿಯಲ್ಲಿ ನೆಲಕ್ಕೆ ಅಂಟಿ ಕೂತವನಿಗೆ ಕಾಣುವುದು ಬರಿಯ ಕಪ್ಪು ಟೈರು.

ಅವಳು ಕಿರುಚಿದಳು. ಎಂಜಿನ್ ಅದನ್ನು ನುಂಗಿಹಾಕಿತು.

ಗಾಡಿ ತಿರುವಿನ ಹತ್ತಿರಕ್ಕೆ ಬಂತು. ಅಲ್ಲಿ ವೇಗ ಇಳಿಯಬೇಕಿತ್ತು. ಸ್ಟೀರಿಂಗ್ ಎಡಕ್ಕೆ ಹೊರಳಬೇಕಿತ್ತು. ಕಡ್ಡಿ ಎರಡನ್ನೂ ಮಾಡಲಿಲ್ಲ. ಮೆತ್ತಗಿರುತ್ತದೆ ಎಂದು ನಂಬಿದ್ದ ಆ ಕಪ್ಪು ಸಾಲಿನತ್ತ ಗಾಡಿಯ ಮೂಗನ್ನು ನೆಟ್ಟಗೆ ಹಿಡಿದು, ಕೈಗಳನ್ನು ಎದೆಗವಚಿಕೊಂಡ.